ಮಣ್ಣಿಗೆ ಹೋದವರು

"ಪದ್ಮಾವತಿ ಆಯಿ ಮಣ್ಣಿಗೆ ಹೋಗ್ಯಾಳ್ರೀ ಸಾಹೇಬ್ರ. ಸಂಜಿತನಾ ಬರಂಗಿಲ್ಲ."

ದಾನಮ್ಮ ಪತ್ರಾ ಶೆಡ್ಡಿನ ಬಾಗಿಲಲ್ಲಿ ಕೂತೇ ಹೇಳಿದಳು. ಸರ್ವೋತ್ತಮನಿಗೆ ರೇಗಿತು. ರೇಗದೆ ಇನ್ನೇನು? ಡೊಂಬಿವ್ಲಿಯಿಂದ ಕಳಂಬೋಲಿಯ ಈ ಲೇಬರ್ ಕ್ಯಾಂಪಿಗೆ ಬರಬೇಕೆಂದರೆ ಒಂದು ರೈಲು, ಒಂದು ಶೇರ್ ರಿಕ್ಷಾ, ಆಮೇಲೆ ನೋಯುವ ಮಂಡಿ ಎಳೆದುಕೊಂಡು ಹತ್ತು ನಿಮಿಷದ ನಡಿಗೆ. ಇಷ್ಟೆಲ್ಲ ಮಾಡಿ ಬಂದದ್ದು ಪಕ್ಕದ ಶೆಡ್ಡಿನ ಪದ್ಮಾವತಿಯ ಹತ್ತಿರ ಒಂದು ಮಾತು ಕೇಳಲು. ನೋಡಿದರೆ ಅವಳ ಬಾಗಿಲಿಗೆ ಬೀಗ.

"ಎಂತ ಮಣ್ಣು?" ಅಂದ. "ಎಪ್ಪತ್ತು ವರ್ಷದ ಅಜ್ಜಿ, ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ. ಅವರನ್ನು ಮಣ್ಣು ಹೊರ್ಲಿಕ್ಕೆ ಕರ್ಕೊಂಡು ಹೋದ ಮುಕಾದಮ್ ಯಾರು ಮಾರಾಯ್ರೆ? ಅವನಿಗೆ ಮನುಷ್ಯತ್ವ ಉಂಟಾ?"

ದಾನಮ್ಮ ನಕ್ಕುಬಿಟ್ಟಳು. ಈ ಇಪ್ಪತ್ತೆರಡು ದಿನಗಳಲ್ಲಿ ಅವಳು ನಕ್ಕದ್ದನ್ನು ಸರ್ವೋತ್ತಮ ನೋಡಿದ್ದು ಇದೇ ಮೊದಲು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಅಯ್ಯ ನನ್ನಪ್ಪ, ಮಣ್ಣು ಹೊರ್ಲಾಕ ಅಲ್ರೀ! ಹಿಂದಿನ ಲೈನಿನಾಗ ಒಬ್ಬಾಕಿ ಸತ್ತಾಳ. ಮಣ್ಣಿಗೆ ಹೋಗೂದಂದ್ರ ಸತ್ತವರನ್ನ ಕಳಸ್ಲಾಕ ಹೋಗೂದು. ಕುಣ್ಯಾಗ ಇಳಿಸಿದ ಮ್ಯಾಲ ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಡ್ತೀವಲ್ರೀ, ಅದಕ್ಕ ಹಂಗಂತೀವಿ. ನಿಮ್ಮ ಕಡಿ ಏನಂತಾರ?"

"ನಮ್ಮ ಕಡೆ ಸುಡ್ತಾರಮ್ಮ," ಅಂದ ಸರ್ವೋತ್ತಮ. "ನಮಗೆ ಮಣ್ಣು ಅಂದ್ರೆ ಬರೀ ಮಣ್ಣು."

ಅಂದವನಿಗೆ ತಟ್ಟನೆ ಏನೋ ನೆನಪಾಯಿತು.

ಮಣ್ಣು ಮಾಡಿದರು ಎಂಬ ಮಾತು ಅವನಿಗೂ ಗೊತ್ತು, ಉಡುಪಿಯವನಾದರೇನು, ಕನ್ನಡ ಪೇಪರು ಓದುವವನೇ. ಆದರೆ ಮಣ್ಣಿಗೆ ಹೋಗುವುದು? ಅರುವತ್ತು ವರ್ಷದಲ್ಲಿ ಅವನ ಕಿವಿಗೆ ಆ ಮಾತು ಬಿದ್ದದ್ದು ಎರಡೇ ಸಲ. ಇವತ್ತೊಂದು ಸಲ. ಮೂರು ವಾರದ ಹಿಂದೆ, ಅಂಬಾರಾಯನ ಬಾಯಲ್ಲಿ, ಇನ್ನೊಂದು ಸಲ.

ಅವನು ಜೇಬಿನಿಂದ ಡೈರಿ ತೆಗೆದ. ತನ್ನ ಮುಖ ದಾನಮ್ಮ ನೋಡಬಾರದೆಂದು ಗೋಡೆಯ ಕಡೆ ತಿರುಗಿಕೊಂಡ.

ಕಾತಳ ಟೇಕಡಿ ಎಂಬ ಗುಡ್ಡದ ಮೇಲಿನ ಕಲ್ಲುಗುಪ್ಪೆಯ ಕಾವಲುಗಾರ ಮಾಪಣ್ಣ ಕಾಣೆಯಾದದ್ದು ಮತದಾನದ ದಿನ. ಗುಪ್ಪೆಯ ಕೆಳಗಿನ ಮೂರು ಸಾವಿರ ವರ್ಷದ ಗೋರಿ ಬಗೆದು ಒಳಗಿನ ಮಣಿ, ಮಡಕೆ ಹೊತ್ತುಕೊಂಡು ಓಡಿಹೋದ ಎಂಬುದು, ಗುಪ್ಪೆಯ ಬುಡದಲ್ಲಿ ಹಸಿ ಮಣ್ಣು ಕಂಡ ಪೊಲೀಸರ ತೀರ್ಮಾನ. ಅವನ ಹೆಂಡತಿ ಈ ದಾನಮ್ಮ ಅದನ್ನು ನಂಬದೆ ಸರ್ವೋತ್ತಮನ ಬಾಗಿಲಿಗೆ ಬಂದಿದ್ದಳು. "ಕನ್ನಡ ಪೊಲೀಸರು ನೀವೇ ಏನ್ರೀ? ನಾ ಬಳಿ ಹಾಕ್ಕೋಬೇಕೋ ಒಡಕೋಬೇಕೋ, ಅಷ್ಟು ಹೇಳ್ರೀ ಸಾಕು," ಎಂದಿದ್ದಳು.

ಕನ್ನಡ ಪೊಲೀಸ್! ಆ ಹೆಸರಿನ ಮೇಲೆ ಅವನಿಗೆ ಎಷ್ಟು ಜಂಭವಿತ್ತು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಠಾಣೆ ಪಟ್ಟಣದಿಂದ ಉಲ್ಹಾಸನಗರದವರೆಗೆ ಯಾವ ಚೌಕಿಯಲ್ಲಿ ಕನ್ನಡದವರ ಜಗಳ ಬಂದರೂ ಸಾಹೇಬರು, "ಶೇರಿಗಾರ್ ಕೊ ಬುಲಾವ್" ಎಂದು ಅವನನ್ನೇ ಕರೆಸುತ್ತಿದ್ದರು. ನಿವೃತ್ತನಾದ ಮೇಲೂ ಆ ಹೆಸರಿನಿಂದಲೇ ಖಾಸಗಿ ತನಿಖೆ ನಡೆಯುತ್ತಿತ್ತು. ಕನ್ನಡ ಒಂದೇ ಅಂದುಕೊಂಡ ಮಹಾನುಭಾವ.

ಡೈರಿಯ ಪುಟ ಸಿಕ್ಕಿತು. ತನ್ನದೇ ಮುದ್ದಾದ ಅಕ್ಷರ. "ಅಂಬಾರಾಯ, ಲೋಡಿಂಗ್ ಕೂಲಿ, ಮಾಪಣ್ಣನ ಊರಿನವನು. ಮತದಾನದ ದಿನ ಎಲ್ಲಿದ್ದೆ? ಮಣ್ಣಿಗೆ ಹೋಗಿದ್ದ. ಎಷ್ಟು ಟ್ರಿಪ್? ಒಂದೇ."

ಅದರ ಕೆಳಗೆ ಕೆಂಪು ಗೆರೆ. "ಸುಳ್ಳು. ಅಂದು ಸೈಟುಗಳಿಗೆ ರಜೆ. ಡಂಪರ್ ಒಂದೂ ಕದಲಿಲ್ಲ."

ಆ ಕೆಂಪು ಗೆರೆಯ ಮೇಲೆ ಭರವಸೆಯಿಟ್ಟೇ ಅವನು ಇನ್‌ಸ್ಪೆಕ್ಟರ್ ಕಿವಿಗೆ ಒಂದು ಮಾತು ಹಾಕಿದ್ದ. ಅಂಬಾರಾಯನನ್ನು ಎರಡು ದಿನ ಚೌಕಿಯ ಬೆಂಚಿನ ಮೇಲೆ ಕೂರಿಸಿದ್ದರು. ಆ ಎರಡು ದಿನವೂ ಅವನು ಬಾಯಿ ಬಿಟ್ಟಿರಲಿಲ್ಲ. ಬಿಡುವುದೇನಿತ್ತು, ಬಿಟ್ಟಾಗಿತ್ತಲ್ಲ.

ಮಣ್ಣಿಗೆ ಹೋಗಿದ್ದೆವ್ರೀ, ಎಂದಿದ್ದ ಅವನು. ಹೋಗಿದ್ದೆ ಅಂತಲ್ಲ, ಹೋಗಿದ್ದೆವು. ಅವತ್ತು ಕಣ್ಣು ಒದ್ದೆಯಾಗಿತ್ತು. ಸಿಮೆಂಟಿನ ಧೂಳು ಎಂದುಕೊಂಡಿದ್ದ ಸರ್ವೋತ್ತಮ.

"ದಾನಮ್ಮ," ಎಂದ, ಬೆನ್ನು ತಿರುಗಿಸಿಕೊಂಡೇ. "ಆ ಮತದಾನದ ದಿನ ಈ ಕ್ಯಾಂಪಲ್ಲಿ ಯಾರಾದ್ರೂ ತೀರಿಕೊಂಡಿದ್ರಾ? ನಿಮ್ಮ ಕಡೆಯವರು, ಯಾರಾದ್ರೂ?"

"ಇಲ್ಲಲ್ರೀ. ದೀಪಾವಳಿ ಆದ ಮ್ಯಾಲ ಸತ್ತಾಕಿ ಅಂದ್ರ ಇವತ್ತಿನಾಕೀನೇ." ಅವನ ಬೆನ್ನನ್ನೇ ನೋಡಿ ಕೇಳಿದಳು. "ಯಾಕ್ರೀ?"

"ಸುಮ್ನೆ."

ಆ ದಿನ ಈ ಊರಲ್ಲಿ ಅವರ ಪೈಕಿ ಯಾರೂ ಸತ್ತಿಲ್ಲ. ಆದರೂ ಅಂಬಾರಾಯ ಯಾರದೋ ಮಣ್ಣಿಗೆ ಹೋಗಿದ್ದ. ಅವತ್ತು ಕಾಣೆಯಾದವನು ಒಬ್ಬನೇ. ಇನ್ನು ಉಳಿದ ಲೆಕ್ಕ ಮಾಡಲು ಪತ್ತೇದಾರನೇನೂ ಬೇಕಾಗಿಲ್ಲ.

ಅಯ್ಯೋ ದೇವರೇ. ಗಂಡ ಸತ್ತಿದ್ದಾನೆಂಬುದನ್ನು ಅವಳೇ ಅವನಿಗೆ ಕಲಿಸಿಕೊಟ್ಟಿದ್ದಳು, ಅದೂ ನಗುನಗುತ್ತಾ.

ಸರ್ವೋತ್ತಮ ಹೊರಡಲು ಚಪ್ಪಲಿ ಹುಡುಕಿದ. ದಾನಮ್ಮ ಬಿಡಲಿಲ್ಲ. ಉಣ್ಣದೆ ಹೋಗುವ ಹಾಗಿಲ್ಲ, ಒಂದು ರೊಟ್ಟಿಯಾದರೂ ತಿನ್ನಲೇಬೇಕು ಎಂದು ಹಟ ಹಿಡಿದಳು. ಕಲ್ಲಿನ ಮೇಲೆ ಶೇಂಗಾ, ಒಣಮೆಣಸಿನಕಾಯಿ ಹಾಕಿ, ಸ್ಟೀಲ್ ಮಾರ್ಕೆಟ್ಟಿನಿಂದ ತಂದ ಒಂದು ಕಬ್ಬಿಣದ ತುಂಡಿನಿಂದ ಕುಟ್ಟತೊಡಗಿದಳು. ಕುಟ್ಟಿದಂತೆಲ್ಲ ಕೈತುಂಬ ಇದ್ದ ಹಸಿರು ಬಳೆಗಳು ಗಲಗಲ ಎಂದವು.

"ಬಳೆ ಹೊಸದಾ?" ಏನಾದರೂ ಕೇಳಬೇಕಲ್ಲ ಎಂದು ಕೇಳಿದ.

"ನನ್ನ ತಮ್ಮ ವಿಠಲ ತಂದದ್ದು. ಅದೇ ರೀ, ಟೇಕಡಿ ಕೆಳಗ ಹಿತೇಶ್ ಸೇಠನ ಟವರಿನಾಗ ಮಣ್ಣು ಅಗಿಯೂ ಪೊಕ್ಲೇನ್ ಹೊಡಿತಾನಲ್ರೀ, ಅಂವ. ವಾರಕ್ಕೊಂದು ಡಜನ್ ತರ್ತಾನ. ಯಕ್ಕಾ, ಮಾಪಣ್ಣ ಮಾಮಾ ಇವತ್ತಲ್ಲ ನಾಳಿಗಿ ಬರ್ತಾನ, ಬರಿಗೈಲೆ ಕುಂದರಬ್ಯಾಡ ಅಂತಾನ. ದೇವರಂಥಾ ಹುಡುಗ ರೀ." ಅವಳ ದನಿ ಇಳಿಯಿತು. "ನಮ್ಮ ಮಗಳು ದ್ರೌಪದೀನ ಅವಗೇ ಕೊಡೂದಂತ ಮಾತಾಗ್ಯದ. ಅಕಿ ಅಪ್ಪ ಬಂದ ಮ್ಯಾಲ ಮದಿವಿ."

ಸರ್ವೋತ್ತಮ ರೊಟ್ಟಿ ಮುರಿದ. ಖಾರಕ್ಕೆ ಹಚ್ಚಿದ.

"ಖಾರ ನುಣ್ಣಗ ಆಗಿಲ್ಲ, ಸಿಟ್ಟಾಗಬ್ಯಾಡ್ರೀ," ಅಂದಳು ಅವಳು. "ಈ ಕಬ್ಬಿಣದಾಗ ಏನು ರುಚಿ ಬರ್ತದ? ನಮ್ಮವ್ವ ಕೊಟ್ಟ ಗುಂಡಕಲ್ಲಿತ್ತು. ಯಾದಗಿರಿಯಿಂದ ತೊಡಿ ಮ್ಯಾಲ ಇಟ್ಟುಕೊಂಡು ರೈಲಿನಾಗ ತಂದಿದ್ದೆ. ಅಂವ ಹೋದ ದಿನಾನೇ ಅದೂ ಹೋತು. ಗಂಡನೂ ಹ್ವಾದ, ಗುಂಡಕಲ್ಲೂ ಹ್ವಾತು. ಕಲ್ಲು ಯಾರು ಕಳುವು ಮಾಡ್ತಾರ ಹೇಳ್ರೀ?"

ಸರ್ವೋತ್ತಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ನಿನ್ನೆ ಅಶ್ಮಿತಾ ಒಂದು ಫೋಟೋ ಕಳಿಸಿದ್ದಳು. ಠಾಣೆ ಪಟ್ಟಣದ ಈ ಹುಡುಗಿ ಹಳೆಯ ಗೋರಿಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು. ಹೋದ ವರ್ಷ ಟೇಕಡಿಯ ಕಲ್ಲುಗುಪ್ಪೆಯ ಒಂದೊಂದು ಕಲ್ಲನ್ನೂ ಎಣಿಸಿ, ನಂಬರು ಹಾಕಿ, ಪಟ ತೆಗೆದಿದ್ದಳು. ಈ ವಾರ ಮತ್ತೆ ಎಣಿಸಿದ್ದಳು. "ಸರ್, ವಿಚಿತ್ರ ನೋಡಿ. ಕಳ್ಳತನ ಆದ ಗುಪ್ಪೆಯಲ್ಲಿ ಕಲ್ಲು ಕಮ್ಮಿ ಆಗ್ಬೇಕು. ಇಲ್ಲಿ ನಾಲ್ಕು ಜಾಸ್ತಿ ಆಗಿದೆ," ಎಂದು ಬರೆದಿದ್ದಳು.

ಮೂರು ಕಲ್ಲು ಟೇಕಡಿಯವೇ, ಸಾಧಾರಣ ಕರಿಕಲ್ಲು. ನಾಲ್ಕನೆಯದು ನುಣುಪಾದ, ದುಂಡನೆಯ ಕಲ್ಲು. ಅದನ್ನು ನೋಡಿ ಹುಡುಗಿ ಕುಣಿದಾಡಿಬಿಟ್ಟಿದ್ದಳು. ಮೂರು ಸಾವಿರ ವರ್ಷದ ಹಿಂದಿನ ಅರೆಯುವ ಕಲ್ಲಿರಬಹುದು, ಯಾರೂ ಮುಟ್ಟದಿರಲಿ ಎಂದು ಇದ್ದಲ್ಲೇ ಬಿಟ್ಟಿದ್ದೇನೆ, ಇಲಾಖೆಗೆ ಪತ್ರ ಹಾಕಿದ್ದೇನೆ, ಎಂದೆಲ್ಲ.

ಇನ್ನೊಂದು ಫೋಟೋದಲ್ಲಿ ಗುಪ್ಪೆಯ ಅಂಚಿನ ದೊಡ್ಡ ಚಪ್ಪಡಿಯ ಮೇಲೆ ಮೂರು ಬಿಳಿ ಗೀರುಗಳಿದ್ದವು, ಹಲ್ಲಿದ್ದ ಯಾವುದೋ ಯಂತ್ರ ಎಳೆದ ಹಾಗೆ. ಅದನ್ನು ನೋಡಿ ಸರ್ವೋತ್ತಮ ಬಿಲ್ಡರ್ ಹಿತೇಶನ ಮೇಲೆ ಅನುಮಾನ ಪಟ್ಟಿದ್ದ. ಸಂರಕ್ಷಿತ ಸ್ಮಾರಕದ ನೀಲಿ ಬೋರ್ಡು ಇರುವವರೆಗೆ ಅವನ ಎರಡನೇ ಟವರು ಮೇಲೇಳುವಂತಿರಲಿಲ್ಲ.

ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಹಳೇ ಪೊಲೀಸ್ ಚಾಳಿ, ವಸ್ತು ಕಂಡರೆ ಗುರುತು ಹಿಡಿಸಬೇಕು. ಸರ್ವೋತ್ತಮ ಫೋನ್ ತೆಗೆದು ಫೋಟೋ ಅವಳ ಮುಂದೆ ಹಿಡಿದ.

"ಇದಾ?"

ದಾನಮ್ಮ ಕೈಯಲ್ಲಿದ್ದ ಕಬ್ಬಿಣ ಕೆಳಗಿಟ್ಟಳು. ಖಾರದ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನನ್ನೇ ಕಸಿದುಕೊಂಡಳು.

"ಎವ್ವಾ! ಇದೇ ರೀ! ಇಲ್ಲಿ ನೋಡ್ರೀ, ಈ ಮಗ್ಗಲಿಗೆ ಚೂರು ಹಾರ್ಯದ. ದ್ರೌಪದಿ ಸಣ್ಣಾಕಿದ್ದಾಗ ಕೆಡವಿದ್ಲು, ನಾ ಹೊಡದಿದ್ದೆ." ಅವಳ ಮುಖವೆಲ್ಲ ಅರಳಿತು. "ಹಂಗಾರ ಅಂವ ತಗೊಂಡು ಹೋಗ್ಯಾನ! ಅಂವಗ ಖಾರ ಇಲ್ದ ತುತ್ತು ಇಳೀತಿದ್ದಿಲ್ರೀ. ಎಲ್ಲೋ ಕುಂತು ಅರಕೊಂಡು ಉಣ್ಲಾಕತ್ತಾನ. ಸಾಹೇಬ್ರ, ಅಂವ ಬದಕ್ಯಾನ! ಹೇಳಿದ್ನಿಲ್ಲೋ ನಿಮಗ?"

ಸರ್ವೋತ್ತಮ ಫೋನಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಎಲ್ಲಿ ಸಿಕ್ತು ರೀ ಇದು?"

"ಒಂದು ಕಡೆ ಉಂಟು. ಸಂಜೆಗೆ ಹೇಳ್ತೇನೆ." ಫೋನನ್ನು ಅವಳ ಕೈಯಿಂದ ಬಿಡಿಸಿಕೊಳ್ಳುವುದೇ ಕಷ್ಟವಾಯಿತು.

ಹೇಡಿ, ಎಂದು ತನಗೆ ತಾನೇ ಬೈದುಕೊಂಡ ಶೆಡ್ಡುಗಳ ಲೈನು ದಾಟುವಾಗ. ಎರಡು ವರ್ಷದ ಹಿಂದೆ ಅವನ ಹೆಂಡತಿ ಅಕ್ಕು ಹೋದಾಗ ಆಸ್ಪತ್ರೆಯ ಡಾಕ್ಟರು ಫೋನ್ ನೋಡುತ್ತಲೇ "ಸಾರಿ" ಅಂದಿದ್ದರು. ಇನ್ನು ಯಾರಿಗಾದರೂ ಸಾವಿನ ಸುದ್ದಿ ಹೇಳಬೇಕಾದರೆ ಎದುರು ಕೂತು, ಕೈ ಹಿಡಿದು ಹೇಳುತ್ತೇನೆ ಎಂದು ಅವತ್ತು ಆಣೆ ಮಾಡಿಕೊಂಡಿದ್ದ. ಇವತ್ತು ಎದುರಿಗೇ ಕೂತಿದ್ದ. ಕೈಯಲ್ಲಿ ಅವಳೇ ಬಡಿದ ರೊಟ್ಟಿ. ಹೇಳಲಾಗಲಿಲ್ಲ.

ಕಳಂಬೋಲಿಯ ಸ್ಟೀಲ್ ಮಾರ್ಕೆಟ್ಟಿನಲ್ಲಿ ಮಧ್ಯಾಹ್ನದ ಬಿಸಿಲು ಕಬ್ಬಿಣದ ಮೇಲೆ ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ಟ್ರೇಲರುಗಳ ಸಾಲಿನ ಕೊನೆಯಲ್ಲಿ ಒಂದರ ನೆರಳಲ್ಲಿ ಅಂಬಾರಾಯ ಒಬ್ಬನೇ ಕೂತಿದ್ದ. ಮೂವತ್ತರ ಗಟ್ಟಿ ಆಳು, ತಲೆಗೆ ಕಟ್ಟಿದ ಟವೆಲ್ಲಿನ ತುಂಬ ತುಕ್ಕು. ಸರ್ವೋತ್ತಮನನ್ನು ಕಂಡದ್ದೇ ಡಬ್ಬಿ ಮುಚ್ಚಿ ಎದ್ದು ನಿಂತ.

"ಮತ್ತ ಚೌಕಿಗಿ ಏನ್ರೀ?" ಎಂದ. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ.

"ಇಲ್ಲ. ಕೂತ್ಕೊ."

ಕೂರಲಿಲ್ಲ. ಸರ್ವೋತ್ತಮನೇ ಮಂಡಿ ಹಿಡಿದುಕೊಂಡು ಒಂದು ಮರದ ದಿಮ್ಮಿಯ ಮೇಲೆ ಕೂತ. ದಾರಿಯುದ್ದಕ್ಕೂ ಹತ್ತು ತರಹದ ಪ್ರಶ್ನೆ ಕಟ್ಟಿಕೊಂಡು ಬಂದಿದ್ದ. ಕೊನೆಗೆ ಕೇಳಿದ್ದು ಒಂದೇ. ಮೂರು ವಾರದ ಹಿಂದೆಯೇ ಕೇಳಬೇಕಾಗಿದ್ದದ್ದು.

"ಅಂಬಾರಾಯ, ಅವತ್ತು ಯಾರ ಮಣ್ಣಿಗೆ ಹೋಗಿದ್ದಿ?"

ಅಂಬಾರಾಯ ಅವನನ್ನೇ ನೋಡಿದ. ಹಾಗೆ ನೋಡುತ್ತಲೇ ಟ್ರೇಲರಿನ ಗಾಲಿಗೆ ಬೆನ್ನು ಹಚ್ಚಿ ಜಾರಿ ನೆಲಕ್ಕೆ ಕೂತ. ಆ ದೊಡ್ಡ ಹೆಗಲುಗಳು ಅಲುಗಾಡತೊಡಗಿದವು. ಬಹಳ ಹೊತ್ತು ಅತ್ತ. ಪಕ್ಕದ ಯಾರ್ಡಿನಲ್ಲಿ ಕ್ರೇನು ಕಿರುಗುಟ್ಟುತ್ತಲೇ ಇತ್ತು.

"ಇವತ್ತು ಕೇಳಿದ್ರಿ," ಎಂದ ಕೊನೆಗೆ. "ಅವತ್ತು ಚಾದಂಗಡ್ಯಾಗ ನನಗ ಎದಿ ತಡೀಲಿಲ್ಲ ರೀ. ನಮ್ಮ ಮಾತು ಆಡವ್ರು, ದೊಡ್ಡವ್ರು, ಹೇಳಿದ್ರ ಹಗುರ ಆಗ್ತದ ಅಂತ ಹೇಳಿಬಿಟ್ಟೆ. ಮಣ್ಣಿಗೆ ಹೋಗಿದ್ದೆವ್ರೀ ಅಂದೆ. ನೀವು ಏನ್ ಕೇಳಿದ್ರಿ ನೆನಪದೇನು? ಎಷ್ಟು ಟ್ರಿಪ್ಪು ಅಂದ್ರಿ."

ಸರ್ವೋತ್ತಮ ತಲೆ ತಗ್ಗಿಸಿದ.

"ಇದೆಂಥಾ ಮಾತು ಕೇಳ್ತಾರ ಅನ್ನಸ್ತು ನನಗ. ಒಬ್ಬಾಂವನೇ ಸತ್ತಾಂವ, ಒಂದೇ ರೀ ಅಂದೆ. ನೀವು ಬರಕೊಂಡ್ರಿ. ಹಾಂ, ತಿಳೀತು ಇವ್ರಿಗಿ, ಇನ್ನ ಇವ್ರೇ ನೋಡಕೋತಾರ ಅಂದುಕೊಂಡೆ. ಮರುದಿನ ಚೌಕಿಯವರು ಬಂದು ಒಯ್ದರು. ಸುಳ್ಳ ಹೇಳ್ತಿ ಅಂದರು. ಯಾವ ಸುಳ್ಳ ಅಂತ ಇವತ್ತಿಗೂ ನನಗ ಗೊತ್ತಿಲ್ರೀ."

"ತಪ್ಪು ನಂದು," ಅಂದ ಸರ್ವೋತ್ತಮ. "ನಿನ್ನ ಕನ್ನಡ ನನಗೆ ತಿಳೀಲಿಲ್ಲ ಮಾರಾಯ. ತಿಳಿದ ಹಾಗೆ ಬರ್ಕೊಂಡೆ. ನಿನ್ನ ಎದುರು ನನಗೆ ಮುಖ ಇಲ್ಲ."

ಅಂಬಾರಾಯ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಮಾಪಣ್ಣನ ಮಣ್ಣು ಟೇಕಡಿ ಮೇಲೆಯಾ?"

"ಹೂಂ ರೀ. ಹಿರೇರ ಮನ್ಯಾಗ." ಆ ಕಲ್ಲುಗುಪ್ಪೆಯನ್ನು ಮಾಪಣ್ಣ ಹಾಗೆ ಕರೆಯುತ್ತಿದ್ದನಂತೆ. ಅವರ ಊರ ಗುಡ್ಡದ ಮೇಲೂ ಅಂಥದೇ ಗುಪ್ಪೆಗಳಿದ್ದವಂತೆ; ಮುಂಬಯಿ ಕಡೆ ಬಂದು ಇಪ್ಪತ್ತು ವರ್ಷ ಕಲ್ಲು ಮಣ್ಣು ಹೊತ್ತವನಿಗೆ ಇಲ್ಲೂ ಒಂದು ಕಂಡಾಗ ತನ್ನ ಮಂದಿಯೇ ಸಿಕ್ಕಷ್ಟು ಸಂತೋಷವಾಗಿತ್ತಂತೆ. "ಮಾಪಣ್ಣ ಕಾಕಾ ಹೇಳ್ತಿದ್ದ, ಆಗಿನ ಕಾಲದಾಗ ಮಣ್ಣಿಗೆ ಬಂದವರೆಲ್ಲ ಒಂದೊಂದು ಕಲ್ಲು ಇಟ್ಟು ಹೋಗ್ಯಾರ, ಅದಕ್ಕೇ ಇದು ಗುಪ್ಪಿ ಆಗ್ಯದ. ಕಲ್ಲು ಎಣಸಿದ್ರ ಎಷ್ಟು ಮಂದಿ ಅತ್ತಾರ ಅಂತ ತಿಳೀತದ, ಅಂತಿದ್ದ."

ಅಶ್ಮಿತಾಳ ನಾಲ್ಕು ಕಲ್ಲು. ಸರ್ವೋತ್ತಮ ಮನಸ್ಸಿನಲ್ಲೇ ಎಣಿಸಿದ.

"ಅಲ್ಲೇ ಯಾಕೆ ಮಣ್ಣು ಮಾಡಿದ್ರಿ? ಸರಕಾರಿ ಸ್ಮಾರಕ. ಜೈಲು ಗೊತ್ತುಂಟಲ್ಲ?"

"ಬ್ಯಾರೆ ಎಲ್ಲಿ ರೀ? ಎಲ್ಲಿ ಹೂತರೂ ನಾಳಿಗಿ ಟವರ್ ಬರ್ತದ, ಪೊಕ್ಲೇನ್ ಬರ್ತದ. ಅಲ್ಲಿ ಒಂದೇ ಜಾಗಾದಾಗ ಯಾರೂ ಅಗಿಯಂಗಿಲ್ಲ. ಬೋರ್ಡ್ ಹಾಕ್ಯಾರಲ್ರೀ." ಅವನು ಎರಡೂ ಅಂಗೈ ಬಿಡಿಸಿ ನೋಡಿಕೊಂಡ. "ಒಂದೊಂದು ಕಲ್ಲು ಎತ್ತಿ ಸಾಲಾಗಿ ಇಟ್ಟಿವಿ, ಹಳೇ ಎಲುಬಿಗಿ ಕೈ ಹಚ್ಚಲಿಲ್ಲ. ಮಗ್ಗಲದಾಗ ಕಾಕಾನ್ನ ಮಲಗಿಸಿ, ಮಣ್ಣು ಕೊಟ್ಟು, ಮತ್ತ ಹ್ಯಾಂಗಿದ್ದುವೋ ಹಂಗೇ ಜೋಡಿಸಿದ್ವಿ. ಕಲ್ಲು ಜಾಗಾ ಬಿಟ್ರ ಕಾಕಾ ಬೈತಿದ್ದ."

"ಹೇಗೆ ಸತ್ತ ಅವನು?"

"ನಾ ಹೋಗೂದ್ರಾಗ ಉಸಿರಿರಲಿಲ್ಲ. ನನಗ ಕರದದ್ದು ಮಣ್ಣಿಗೆ ರೀ. ಸಾಯೂಮುಂದ ನಾ ಇದ್ದಿಲ್ಲ."

"ಯಾರು ಕರೆದದ್ದು?"

ಅಂಬಾರಾಯ ಊಟದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಅಂಬಾರಾಯ, ಆ ಗುಪ್ಪೆಯ ಮೇಲೆ ನಾಲ್ಕು ಕಲ್ಲು ಹೊಸದು. ಒಂದು ನಿಂದು. ಒಂದು ದಾನಮ್ಮನ ಮನೆಯ ಗುಂಡಕಲ್ಲು. ಅದನ್ನು ಮನೆಯಿಂದ ಎತ್ತಿ ತರ್ಲಿಕ್ಕೆ ಹೊರಗಿನವರಿಂದ ಆಗುವುದಿಲ್ಲ." ಹೇಳಲು ಅವನಿಗೇ ಇಷ್ಟವಿರಲಿಲ್ಲ. "ದ್ರೌಪದಿ ಬಂದಿದ್ಲಾ?"

ಅಂಬಾರಾಯ ಕಣ್ಣು ಮುಚ್ಚಿಕೊಂಡ. ಅದೇ ಉತ್ತರ.

ಇಪ್ಪತ್ತು ವರ್ಷದ ಹುಡುಗಿ. ತಳೋಜಾದ ಪ್ಯಾಕಿಂಗ್ ಕಂಪನಿಯಲ್ಲಿ ಕೆಲಸ. ತಾಯಿಯ ಜೊತೆ ಸರ್ವೋತ್ತಮನ ಮನೆಗೆ ಮೊದಲ ದಿನ ಬಂದಿದ್ದವಳು ನೆಲ ನೋಡುತ್ತ ನಿಂತಿದ್ದಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಈಗಿನ ಮಕ್ಕಳ ಸೊಕ್ಕು ಅಂದುಕೊಂಡಿದ್ದ ಈ ಮಹಾನುಭಾವ. ದಿನಾ ಸಂಜೆ ತಾಯಿ ಪಕ್ಕದಲ್ಲಿ ಕೂತು ಅವಳಿಂದ ಫೋನ್ ಮಾಡಿಸುತ್ತಿದ್ದಳು. "ಅಂಕಲ್, ಪಪ್ಪಾ ಕಾ ಕುಛ್ ಪತಾ ಚಲಾ?" ದಿನಾ ಅದೇ ಪ್ರಶ್ನೆ, ದಿನಾ ಅದೇ ಚಪ್ಪಟೆ ದನಿ. ಅಪ್ಪ ಎಲ್ಲಿದ್ದಾನೆಂದು ಗೊತ್ತಿದ್ದೂ ಕೇಳುತ್ತಿದ್ದಳಲ್ಲ! ಕೇಳುವಾಗ ಆ ಮಗುವಿನ ಕರುಳು ಏನಾಗುತ್ತಿತ್ತೋ.

"ಗುಂಡಕಲ್ಲು ಸೆರಗಿನಾಗ ಕಟ್ಟಿಕೊಂಡು ಬಂದಿದ್ಲು ರೀ," ಎಂದ ಅಂಬಾರಾಯ. "ಅವ್ವಗ ಬರ್ಲಾಕ ಆಗಂಗಿಲ್ಲ, ಅಕಿ ಕಲ್ಲರ ಅಪ್ಪನ ಮ್ಯಾಲ ಇರಲಿ ಅಂದ್ಲು. ತಾನೂ ಒಂದು ಇಟ್ಲು. ಆಮ್ಯಾಲ ನನ್ನ ಕಾಲು ಹಿಡದ್ಲು. ಅವ್ವಗ ಹೇಳಬ್ಯಾಡ ಕಾಕಾ, ಅಕಿ ಒಬ್ಬರು ಹೋದ್ರ ತಡಕೋತಾಳ, ಇಬ್ಬರೂ ಹೋದ್ರ ತಡಕೊಳ್ಳಂಗಿಲ್ಲ ಅಂದ್ಲು."

"ಇಬ್ಬರೂ?" ಸರ್ವೋತ್ತಮ ಎದ್ದು ನಿಂತ. ಮಂಡಿನೋವು ಮರೆತೇಹೋಗಿತ್ತು. "ಹೋದವನು ಮಾಪಣ್ಣ ಒಬ್ಬ. ಇನ್ನೊಬ್ಬ ಯಾರು?"

"ಅದು ಬ್ಯಾಡ್ರೀ."

"ನಿಂದೊಂದು, ದ್ರೌಪದಿದೊಂದು, ದಾನಮ್ಮನ ಪಾಲಿಂದೊಂದು. ನಾಲ್ಕನೇ ಕಲ್ಲು ಯಾರದ್ದು ಅಂಬಾರಾಯ?"

"ಕಾಕಾನ ಮ್ಯಾಲ ಕೈ ಇಟ್ಟು ಆಣಿ ಮಾಡೀನಿ. ಕೊಂದ್ರೂ ಹೇಳಂಗಿಲ್ಲ. ಚೌಕಿಗಿ ಒಯ್ಯಿರಿ ಬೇಕಾದ್ರ."

ಸರ್ವೋತ್ತಮನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ದ್ರೌಪದಿ. ಇನ್ನೂ ಮಧ್ಯಾಹ್ನ ಎರಡು ಗಂಟೆಯೂ ಆಗಿರಲಿಲ್ಲ, ಅವಳು ಫೋನ್ ಮಾಡುವ ಹೊತ್ತಲ್ಲ ಅದು. ಕ್ರೇನಿನ ಗದ್ದಲದಲ್ಲಿ ಕೇಳಿಸದೆ ಸ್ಪೀಕರ್ ಒತ್ತಿದ.

"ಅಂಕಲ್, ಅವ್ವಗ ಏನು ತೋರಸೀರಿ?"

ಕನ್ನಡ. ಅವಳ ಬಾಯಲ್ಲಿ ಮೊದಲ ಸಲ. ಥೇಟ್ ದಾನಮ್ಮನದೇ ದನಿ.

"ಫೋಟೋ, ಗುಂಡಕಲ್ಲಿಂದು. ದ್ರೌಪದಿ, ಕೇಳು ಮಗಾ, ನನಗೆ ಎಲ್ಲ..."

"ಫೋಟೋದಾಗ ಹಿಂದ ನೀಲಿ ಬೋರ್ಡ್ ಕಾಣಸ್ತದಂತ ಅಂಕಲ್! ಅವ್ವ ಅದನ್ನ ನೋಡ್ಯಾಳ. ಈಗ ನನಗ ಫೋನ್ ಮಾಡಿ ಅತ್ತಳು. ಖುಷಿಲೆ ಅತ್ತಳು. ನಿಮ್ಮಪ್ಪ ಟೇಕಡಿ ಮ್ಯಾಲೇ ಅದಾನ, ಪೊಲೀಸರಿಗಿ ಅಂಜಿ ಅಲ್ಲೇ ಎಲ್ಲೋ ಅಡಗಿ ಕುಂತಾನ, ನಾ ಹೋಗಿ ಕರಕೊಂಡು ಬರ್ತೀನಿ ಅಂದ್ಲು." ಹುಡುಗಿಗೆ ಉಸಿರು ಸಿಗುತ್ತಿರಲಿಲ್ಲ. "ರೊಟ್ಟಿ ಕಟ್ಟಿಕೊಂಡು ಹೋಗ್ಯಾಳ ಅಂಕಲ್. ಎರಡು ತಾಟು ತಗೊಂಡಾಳಂತ."

ಸರ್ವೋತ್ತಮ ರಿಕ್ಷಾಕ್ಕಾಗಿ ರಸ್ತೆಯ ಕಡೆ ನೋಡಿದ. ಫೋಟೋ ಹಿಡಿದು ತೋರಿಸಿದ ಕೈ ಅವನದೇ.

"ಒಬ್ಬರೇ ಹೋದ್ರಾ? ಅಷ್ಟು ದೂರ ಟೇಕಡಿ ಹೇಗೆ ಹತ್ತುತ್ತಾರೆ? ನಾನು ಈಗಲೇ ರಿಕ್ಷಾ ಹಿಡಿತೇನೆ..."

"ಒಬ್ಬಾಕಿ ಅಲ್ಲ. ಮಾಮಾನ್ನ ಕರದಾಳ. ಬೈಕ್ ಮ್ಯಾಲ ಕುಂತು ಹೋಗ್ಯಾಳ." ದನಿ ಒಡೆಯಿತು. "ಮಾಮಾ ನನ್ನ ಫೋನ್ ಎತ್ತವಲ್ಲ ಅಂಕಲ್. ಹತ್ತು ಸಲ ಮಾಡಿದೆ. ಏನರ ಮಾಡ್ರೀ. ಅವ್ವ ಆ ಕಲ್ಲು ತನ್ನದಂತ ಎತ್ತತಾಳ."

ಫೋನು ಕಟ್ಟಾಯಿತು.

ಅಂಬಾರಾಯ ಎದ್ದು ನಿಂತಿದ್ದ. ಮುಖ ಸುಣ್ಣದ ಹಾಗಾಗಿತ್ತು.

"ಯಾರ ಜೋಡಿ ಹೋಗ್ಯಾಳಂದ್ಲು ರೀ?"

"ಮಾಮಾ ಅಂದ್ರೆ ವಿಠಲ ಅಲ್ವಾ? ದಾನಮ್ಮನ ತಮ್ಮ. ಪೊಕ್ಲೇನ್ ಹೊಡೆಯುವವನು." ಹೇಳುತ್ತಿದ್ದ ಹಾಗೆ ಸರ್ವೋತ್ತಮನ ನಾಲಿಗೆ ತಡವರಿಸಿತು. ಚಪ್ಪಡಿಯ ಮೇಲೆ ಪೊಕ್ಲೇನಿನ ಹಲ್ಲಿನ ಮೂರು ಬಿಳಿ ಗೀರು, ಅದಕ್ಕೆ ಅಡ್ಡ ನಿಂತಿರಬಹುದಾದ ಮಾಪಣ್ಣ. ವಾರಕ್ಕೊಂದು ಡಜನ್ ಹಸಿರು ಬಳೆ.

ಅಂಬಾರಾಯ ತಲೆಯ ಟವೆಲ್ ಎಳೆದು ಬಿಸಾಡಿ ರಸ್ತೆಯ ಕಡೆ ಓಡತೊಡಗಿದ್ದವನು ನಿಂತ. ತಿರುಗಿ ನೋಡಿದ.

"ನಾಲ್ಕನೇ ಕಲ್ಲು ಅವಂದೇ ರೀ. ಮೊದಲನೇ ಹಿಡಿ ಮಣ್ಣೂ ಅವನೇ ಕೊಟ್ಟ. ಕುಣ್ಯಾಗ ಬೊಕ್ಕಬೋರ್ಲ ಬಿದ್ದು, ಯಕ್ಕಾ, ನನ್ನ ಕೈಲೆ ತಪ್ಪಾತು ಯಕ್ಕಾ, ಅಂತ ಅಳಕೋತ ಕೊಟ್ಟ."

ಅವನು ಮತ್ತೆ ರಸ್ತೆಯ ಕಡೆ ತಿರುಗಿದ.

"ಅಲ್ಲಿ ಯಕ್ಕ ಎಲ್ಲಿದ್ದಳು ರೀ ಅವನ ಮಾತು ಕೇಳಾಕ? ಇವತ್ತು ಆ ಮಾತು ಕೇಳಸ್ಲಾಕ ಅಕೀನ್ನ ಕರಕೊಂಡು ಹೊಂಟಾನ."